ದರದ ಪುಟದಿಂದ ಪಟ್ಟಿ ತೆಗೆಯುವಾಗ ಕೆಲವು 'ಮೆಕ್ಕೆಜೋಳ' ಸಾಲು ಸಿಗುತ್ತಿಲ್ಲ (ಪೈಥಾನ್, ಬ್ಯೂಟಿಫುಲ್ ಸೂಪ್)

ಜಗಳೂರು_ಹೊಲ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದಾವಣಗೆರೆ, ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರು, ಆ ಕಡೆ ಚಿತ್ರದುರ್ಗ, ಚಳ್ಳಕೆರೆ, ಹೊಸದುರ್ಗ ಇಷ್ಟೂ ಮಾರುಕಟ್ಟೆಗಳ ದಿನದ ದರ ಒಂದೇ ವೆಬ್ ಪುಟದಲ್ಲಿ ಕೋಷ್ಟಕವಾಗಿ ಬರುತ್ತದೆ. ಅದರಿಂದ ಎರಡು ಕೆಲಸ ಆಗಬೇಕು. ಒಂದು, ಮೆಕ್ಕೆಜೋಳ, ಭತ್ತ, ಶೇಂಗಾ, ಅಡಿಕೆ ಸಾಲುಗಳನ್ನು ಮಾತ್ರ ಆರಿಸಿ ಸಿಎಸ್‌ವಿ ಕಡತ (ಅಲ್ಪವಿರಾಮದಿಂದ ಬಿಡಿಸಿದ ಕೋಷ್ಟಕ) ಮಾಡುವುದು. ಇನ್ನೊಂದು, ಮೆನು, ಬ್ಯಾನರ್ ಎಲ್ಲ ಕಿತ್ತು ಬರೀ ಕೋಷ್ಟಕವನ್ನು ಎ4 ಹಾಳೆಗೆ ಮುದ್ರಿಸಿ ಸಂಘದ ನೋಟಿಸ್ ಬೋರ್ಡಿಗೆ ಅಂಟಿಸುವುದು. ಪೈಥಾನ್ 3.11, ಪುಟ ತರುವ ರಿಕ್ವೆಸ್ಟ್ಸ್, ತಂದ ಪುಟವನ್ನು ಬಿಡಿಸಿ ಓದುವ ಬ್ಯೂಟಿಫುಲ್ ಸೂಪ್ 4 ಹಾಕಿಕೊಂಡಿದ್ದೇನೆ.

ಎಲ್ಲಿ ಸಿಕ್ಕಿಕೊಂಡಿದೆ ಎಂದರೆ:

ಇವತ್ತಿನ ದರದ ಪುಟ ಸರಿಯಾಗಿ ಓದುತ್ತದೆ. ಹಳೆಯ ದಿನಾಂಕದ ಪುಟ ತೆಗೆದರೆ ಕನ್ನಡವೆಲ್ಲ ಚಿತ್ರವಿಚಿತ್ರ ಅಕ್ಷರಗಳಾಗುತ್ತದೆ.

ಕ್ರೋಮ್‌ನಲ್ಲಿ ಇನ್‌ಸ್ಪೆಕ್ಟ್ ಮಾಡಿ 'ಕಾಪಿ ಸೆಲೆಕ್ಟರ್' ಒತ್ತಿ ತಂದ ವಿಳಾಸವನ್ನು (ಪುಟದೊಳಗೆ ಕೋಷ್ಟಕ ಇರುವ ಜಾಗದ ದಾರಿ) ಸೂಪ್‌ನ ಸೆಲೆಕ್ಟ್‌ಗೆ ಕೊಟ್ಟರೆ ಖಾಲಿ ಪಟ್ಟಿ ಬರುತ್ತದೆ. ಬ್ರೌಸರಿನಲ್ಲಿ ಕೋಷ್ಟಕ ಕಣ್ಣಮುಂದೆಯೇ ಇದೆ.

ಸರಕಿನ ಕೋಶದಲ್ಲಿ 'ಮೆಕ್ಕೆಜೋಳ' ಇದೆಯೇ ಎಂದು ಹೋಲಿಸಿದರೆ ಕೆಲವು ಮಾರುಕಟ್ಟೆಯ ಸಾಲು ಸಿಗುತ್ತದೆ, ಕೆಲವು ಬಿಟ್ಟುಹೋಗುತ್ತದೆ. ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಥರ ಕಾಣುತ್ತದೆ. ಶೇಂಗಾದಲ್ಲೂ ಇದೇ ಕತೆ.

ಅಡಿಕೆಯಲ್ಲಿ ರಾಶಿ, ಬೆಟ್ಟೆ, ಅಪಿ, ಕೆಂಪುಗೋಟು ಎಂದು ಒಂದರ ಕೆಳಗೊಂದು ಬರುತ್ತವೆ. ಮೊದಲ ಸಾಲು ಸರಿ, ಎರಡನೆಯದರಿಂದ ದರಗಳೆಲ್ಲ ಎಡಕ್ಕೆ ಜರುಗುತ್ತವೆ.

ತಿಳಿದವರು ದಾರಿ ತೋರಿಸಿ.

---

ಶಾಂತಿಸಾಗರ ಉತ್ತರ:

ಮೊದಲ ಎರಡು ಮತ್ತು ಕೊನೆಯದಕ್ಕೆ ನಾನು ಹೇಳುತ್ತೇನೆ. ಮೆಕ್ಕೆಜೋಳದ್ದು ಕನ್ನಡ ಯುನಿಕೋಡಿನ ಗಂಟು, ಅದನ್ನು ಕೋಟೆನಾಡು ಅವರು ಚೆನ್ನಾಗಿ ಬಿಡಿಸುತ್ತಾರೆ.

ಅಕ್ಷರ ಕೆಡುವುದು ಸೂಪ್‌ನಲ್ಲಲ್ಲ, ಅದಕ್ಕಿಂತ ಮೊದಲೇ. ಸರ್ವರ್ ತನ್ನ ಹೆಡರಿನಲ್ಲಿ 'ಇದು ಎಚ್‌ಟಿಎಂಎಲ್' ಎಂದಷ್ಟೇ ಹೇಳಿ ಯಾವ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಕ್ರಮ) ಎಂದು ಹೇಳದಿದ್ದರೆ, ರಿಕ್ವೆಸ್ಟ್ಸ್ ಅದನ್ನು ಐಎಸ್‌ಒ 8859-1 ಎಂದು ಹಿಡಿಯುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದು ಅಕ್ಷರಕ್ಕೆ 3 ಬೈಟ್. ಆ ಮೂರನ್ನೂ ಬೇರೆಬೇರೆ ಅಕ್ಷರಗಳೆಂದು ಓದಿದಾಗ ನಿಮಗೆ ಕಾಣುವ ಕಲಸುಮೇಲೋಗರ ಆಗುತ್ತದೆ. ಹಾಗಾಗಿ ಉತ್ತರದ 'ಟೆಕ್ಸ್ಟ್' ಅನ್ನು ಸೂಪ್‌ಗೆ ಕೊಡಬೇಡಿ, 'ಕಂಟೆಂಟ್' ಕೊಡಿ. ಬರೀ ಬೈಟ್ ಸಿಕ್ಕಿದರೆ ಸೂಪ್ ತಾನೇ ಪುಟದೊಳಗಿನ ಮೆಟಾ ಟ್ಯಾಗ್ ಓದಿ ಎನ್‌ಕೋಡಿಂಗ್ ತಿಳಿದುಕೊಳ್ಳುತ್ತದೆ. ಮೆಟಾ ಟ್ಯಾಗ್ ಕೂಡ ಇಲ್ಲದಿದ್ದರೆ 'ಫ್ರಮ್_ಎನ್‌ಕೋಡಿಂಗ್' ಎಂಬ ಆಯ್ಕೆಗೆ ಯುಟಿಎಫ್-8 ಎಂದು ನೀವೇ ಬರೆಯಿರಿ.

ಖಾಲಿ ಪಟ್ಟಿಗೆ ಬಹುಪಾಲು ಕಾರಣ 'ಟಿಬಾಡಿ', ಅಂದರೆ ಕೋಷ್ಟಕದ ಸಾಲುಗಳನ್ನು ಸುತ್ತುವ ಟ್ಯಾಗ್. ಪುಟ ಬರೆದವರು ಅದನ್ನು ಹಾಕದಿದ್ದರೂ ಬ್ರೌಸರ್ ತಾನೇ ಸೇರಿಸಿಕೊಂಡು ತೋರಿಸುತ್ತದೆ. ಕ್ರೋಮ್ ಕೊಟ್ಟ ವಿಳಾಸದಲ್ಲಿ ಟೇಬಲ್, ಟಿಬಾಡಿ, ಟಿಆರ್ ಎಂಬ ಸರಪಳಿ ಇರುತ್ತದೆ. ಸರ್ವರ್ ಕಳಿಸಿದ ಪಠ್ಯದಲ್ಲಿ ನಡುವಿನ ಕೊಂಡಿಯೇ ಇರುವುದಿಲ್ಲ. ಎಲ್‌ಎಕ್ಸ್‌ಎಂಎಲ್ ಪಾರ್ಸರ್ (ಸೂಪ್‌ಗೆ ಪುಟ ಬಿಡಿಸಿಕೊಡುವ ಭಾಗ) ಆಗಲಿ, ಪೈಥಾನ್ ಜೊತೆಗೇ ಬರುವ ಎಚ್‌ಟಿಎಂಎಲ್ ಪಾರ್ಸರ್ ಆಗಲಿ ಅದನ್ನು ಸೇರಿಸುವುದಿಲ್ಲ. ಎಚ್‌ಟಿಎಂಎಲ್5ಲಿಬ್ ಸೇರಿಸುತ್ತದೆ, ಆದರೆ ಮೂರರಲ್ಲಿ ಅದೇ ನಿಧಾನ. ನಾನಾದರೆ ಕಾಪಿ ಸೆಲೆಕ್ಟರ್ ಅನ್ನೇ ಕೈಬಿಡುತ್ತೇನೆ. ಪುಟದಲ್ಲಿ ಒಂದು ಬ್ಯಾನರ್ ಹೆಚ್ಚಾದರೂ ಆ ವಿಳಾಸ ಮುರಿಯುತ್ತದೆ. ಅದರ ಬದಲು ಪುಟದ ಎಲ್ಲ ಟೇಬಲ್‌ಗಳನ್ನೂ ಸುತ್ತಿ, ಯಾವುದರ ತಲೆಸಾಲಿನಲ್ಲಿ 'ಮಾರುಕಟ್ಟೆ', 'ಕನಿಷ್ಠ', 'ಗರಿಷ್ಠ' ಮೂರೂ ಪದ ಇವೆಯೋ ಅದನ್ನು ಹಿಡಿಯಿರಿ. ಹಳೆಯ ಪುಟಗಳಲ್ಲಿ ಟೇಬಲ್ ಒಳಗೆ ಟೇಬಲ್ ಇಟ್ಟು ವಿನ್ಯಾಸ ಮಾಡಿರುತ್ತಾರೆ. ಆಗ ಹೊರಗಿನದರಲ್ಲೂ ಆ ಪದಗಳು ಸಿಗುತ್ತವೆ, ಆದ್ದರಿಂದ ತನ್ನೊಳಗೆ ಇನ್ನೊಂದು ಟೇಬಲ್ ಇಲ್ಲದ್ದನ್ನೇ ಆರಿಸಿ.

ಹೀಗೆ ಮಾಡಿದರೂ ಏನೂ ಸಿಗದಿದ್ದರೆ ಕಂಟ್ರೋಲ್ ಯು ಒತ್ತಿ ಮೂಲ ಪಠ್ಯದಲ್ಲಿ ಯಾವುದಾದರೂ ಒಂದು ದರ ಹುಡುಕಿ. ಅಲ್ಲಿಯೂ ಇಲ್ಲವೆಂದರೆ ಕೋಷ್ಟಕವನ್ನು ಜಾವಾಸ್ಕ್ರಿಪ್ಟ್ ಆಮೇಲೆ ತುಂಬುತ್ತಿದೆ. ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಫೆಚ್/ಎಕ್ಸ್‌ಎಚ್‌ಆರ್ ಆರಿಸಿ ಪುಟ ಮತ್ತೆ ತೆರೆದರೆ ದರ ಹೊತ್ತು ತರುವ ಜೇಸನ್ ವಿಳಾಸ ಸಿಗುತ್ತದೆ, ನೇರ ಅದನ್ನೇ ಕರೆಯಬಹುದು. ಬ್ರೌಸರನ್ನೇ ಕೋಡಿನಿಂದ ಓಡಿಸುವ ಪ್ಲೇರೈಟ್, ಸೆಲೆನಿಯಂ ಎಲ್ಲ ಬೇರೆ ದಾರಿ ಇಲ್ಲದಾಗ ಮಾತ್ರ.

ಅಡಿಕೆ ಸಾಲು ಜರುಗುವುದು ಒಂದು ಕೋಶವನ್ನು ಹಲವು ಸಾಲಿಗೆ ಚಾಚುವ 'ರೋಸ್ಪ್ಯಾನ್' ಗುಣದಿಂದ. ಮಾರುಕಟ್ಟೆಯ ಹೆಸರು ಮೊದಲ ಸಾಲಿನಲ್ಲಿ ಒಂದೇ ಸಲ ಬಂದು 4 ಸಾಲಿನಷ್ಟು ಕೆಳಗೆ ಚಾಚಿರುತ್ತದೆ. ಕೆಳಗಿನ 3 ಸಾಲುಗಳಲ್ಲಿ ಆ ಕೋಶವೇ ಇರುವುದಿಲ್ಲ, ಆದ್ದರಿಂದ 6 ಕೋಶದ ಜಾಗದಲ್ಲಿ 5 ಸಿಗುತ್ತವೆ. ಕೋಷ್ಟಕಗಳಿಗೆಂದೇ ಇರುವ ಪೈಥಾನ್ ಪ್ಯಾಕೇಜ್ ಪಾಂಡಾಸ್‌ನ 'ರೀಡ್_ಎಚ್‌ಟಿಎಂಎಲ್' ಇದನ್ನು ತಾನೇ ತುಂಬಿಕೊಡುತ್ತದೆ: ಆರಿಸಿದ ಟೇಬಲನ್ನು ಎಸ್‌ಟಿಆರ್ ಮಾಡಿ, ಸ್ಟ್ರಿಂಗ್‌ಐಒದಲ್ಲಿ ಸುತ್ತಿ ಕೊಡಿ (ಬರೀ ಸ್ಟ್ರಿಂಗ್ ಕೊಡುವುದನ್ನು ಪಾಂಡಾಸ್ 2.1ರಿಂದ ಬೇಡವೆಂದು ಎಚ್ಚರಿಸುತ್ತದೆ). ಪಾಂಡಾಸ್ ಬೇಡವಾದರೆ 'ಈ ಕಾಲಮಿಗೆ ಇನ್ನೆಷ್ಟು ಸಾಲು ಬಾಕಿ, ಮೌಲ್ಯ ಏನು' ಎಂದು ಒಂದು ಡಿಕ್ಷನರಿಯಲ್ಲಿ ಇಟ್ಟುಕೊಂಡು, ಪ್ರತಿ ಸಾಲಿಗೂ ಮೊದಲು ಬಾಕಿ ಇರುವ ಕಾಲಮುಗಳನ್ನು ತುಂಬಿ, ಉಳಿದ ಜಾಗಕ್ಕೆ ಹೊಸ ಕೋಶಗಳನ್ನು ಕೂರಿಸಿ.

ಇನ್ನೊಂದು. ಕೋಶದ ಪಠ್ಯಕ್ಕೆ 'ಸ್ಟ್ರಿಂಗ್' ಬಳಸುತ್ತಿದ್ದರೆ ಬಿಡಿ. ಕೋಶದೊಳಗೆ ಒಂದಕ್ಕಿಂತ ಹೆಚ್ಚು ತುಣುಕು ಇದ್ದರೆ ಅದು ನನ್ (ಪೈಥಾನಿನಲ್ಲಿ 'ಏನೂ ಇಲ್ಲ' ಎಂಬ ಮೌಲ್ಯ) ಕೊಡುತ್ತದೆ. 'ಗೆಟ್_ಟೆಕ್ಸ್ಟ್' ಬಳಸಿ, ತುಣುಕುಗಳ ನಡುವೆ ಒಂದು ಖಾಲಿ ಜಾಗ ಕೊಟ್ಟು, ಸ್ಟ್ರಿಪ್ ಟ್ರೂ ಮಾಡಿ.

---

ಕೋಟೆನಾಡು ಉತ್ತರ:

ಮೆಕ್ಕೆಜೋಳಕ್ಕೆ ಬರುತ್ತೇನೆ. ಕಣ್ಣಿಗೆ ಒಂದೇ ಆದದ್ದು ಕಂಪ್ಯೂಟರಿಗೆ ಎರಡಾಗಿರಬಹುದು. 'ಲೆನ್' ಹಾಕಿ ನೋಡಿ. ಸರಿಯಾದ 'ಮೆಕ್ಕೆಜೋಳ' ಪದದ ಉದ್ದ 9: ಮ, ಎತ್ವ, ಕ, ವಿರಾಮ, ಕ, ಎತ್ವ, ಜ, ಓತ್ವ, ಳ. ತಪ್ಪಿಸಿಕೊಳ್ಳುವ ಸಾಲಿನಲ್ಲಿ 10 ಅಥವಾ 11 ಬಂದರೆ 'ಜೋ'ದ ಓತ್ವ ಒಡೆದು ಕೂತಿದೆ ಎಂದರ್ಥ. ಓತ್ವವನ್ನು ಒಂದೇ ಚಿಹ್ನೆಯಾಗಿ ಬರೆದರೆ ಅದರ ಸಂಖ್ಯೆ 3275. ಅದನ್ನೇ ಎತ್ವ (3270), ಕೊಂಬಿನ ದೀರ್ಘ (3266), ದೀರ್ಘದ ಗುರುತು (3285) ಎಂದು ಮೂರಾಗಿಯೂ ಬರೆಯಬಹುದು, ಪರದೆಯ ಮೇಲೆ ವ್ಯತ್ಯಾಸ ಕಾಣದು. 'ಆರ್ಡ್' ಎಂಬ ಫಂಕ್ಷನ್‌ನಿಂದ ಒಂದೊಂದು ಅಕ್ಷರದ ಸಂಖ್ಯೆ ಮುದ್ರಿಸಿದರೆ ಗೊತ್ತಾಗುತ್ತದೆ. ನುಡಿ ತಂತ್ರಾಂಶದ ಹಳೆಯ ಕಡತವನ್ನು ಯುನಿಕೋಡಿಗೆ ಬದಲಿಸಿದ ಪಠ್ಯದಲ್ಲಿ ಹೀಗೆ ಆಗಿರಬಹುದು.

ಪರಿಹಾರ ಸುಲಭ. 'ಯುನಿಕೋಡ್‌ಡೇಟಾ' ಎಂಬ ಮಾಡ್ಯೂಲ್ ಪೈಥಾನಿನಲ್ಲೇ ಇದೆ. ಅದರ 'ನಾರ್ಮಲೈಸ್'ಗೆ ಎನ್‌ಎಫ್‌ಸಿ (ಒಡೆದ ಚಿಹ್ನೆಗಳನ್ನು ಒಂದಾಗಿಸುವ ರೂಪ) ಎಂದು ಹೇಳಿ ಪುಟದ ಪದವನ್ನೂ ನಿಮ್ಮ ಪದವನ್ನೂ ಎರಡನ್ನೂ ಹಾಯಿಸಿ, ಆಮೇಲೆ ಹೋಲಿಸಿ. ಈತ್ವ, ಏತ್ವ, ಐತ್ವ, ಒತ್ವ ಒಡೆದಿದ್ದರೂ ಇದೇ ಒಂದು ಸಾಲಿನಿಂದ ಸರಿಹೋಗುತ್ತದೆ.

ಶೇಂಗಾದ್ದು ಬೇರೆ ರೋಗ, ಎನ್‌ಎಫ್‌ಸಿಗೆ ಬಗ್ಗುವುದಿಲ್ಲ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಒತ್ತಿರುತ್ತಾರೆ. 'ಶೇಂಗಾ' ಮತ್ತು 'ಶೇ೦ಗಾ' ನೋಡಿ: ಮೊದಲನೆಯದರಲ್ಲಿ ಅನುಸ್ವಾರ, ಸಂಖ್ಯೆ 3202. ಎರಡನೆಯದರಲ್ಲಿ ಅಂಕಿ ಸೊನ್ನೆ, 3302. ಯುನಿಕೋಡಿನ ದೃಷ್ಟಿಯಲ್ಲಿ ಇವಕ್ಕೆ ಸಂಬಂಧವೇ ಇಲ್ಲ, ನೀವೇ ಬದಲಿಸಬೇಕು. ಆದರೆ ಸೊನ್ನೆಯನ್ನೆಲ್ಲ ಅನುಸ್ವಾರ ಮಾಡಿಬಿಟ್ಟರೆ ಕನ್ನಡ ಅಂಕಿಯಲ್ಲಿ ಬರೆದ ದರ ಹಾಳಾಗುತ್ತದೆ. ಮಾರುಕಟ್ಟೆ, ಸರಕು, ತಳಿ ಈ ಮೂರು ಹೆಸರಿನ ಕಾಲಮುಗಳಲ್ಲಿ ಮಾತ್ರ ಬದಲಿಸಿ, ದರದ ಕಾಲಮು ಮುಟ್ಟಬೇಡಿ.

ಮೂರನೆಯದು ಕಾಣದ ಅಕ್ಷರ. 'ಸನ್‌ಫ್ಲವರ್' ಎಂದು ಬಿಡಿಸಿ ತೋರಿಸಲು ನ್ ಆದಮೇಲೆ ಅಗಲವಿಲ್ಲದ ಒಂದು ಅಕ್ಷರ (8204) ಇರುತ್ತದೆ, ಇನ್ನು ಕೆಲವು ಕಡೆ 8205. 'ಸ್ಟ್ರಿಪ್' ಇವನ್ನು ತೆಗೆಯುವುದಿಲ್ಲ. ಹೋಲಿಕೆಗೆ ಮಾಡಿಕೊಂಡ ಪ್ರತಿಯಲ್ಲಿ ಎರಡನ್ನೂ ತೆಗೆಯಿರಿ. ಮುದ್ರಿಸುವ ಪ್ರತಿಯಲ್ಲಿ ಹಾಗೇ ಬಿಡಿ, ಇಲ್ಲದಿದ್ದರೆ ನ್ ಕೆಳಗೆ ಫ ಒತ್ತಾಗಿ ಓದಲು ಕಷ್ಟ.

ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸುವವರು ಇದನ್ನು ಗಮನಿಸಲೇಬೇಕು. ಪೈಥಾನಿನ 'ಆರ್‌ಇ' ಮಾಡ್ಯೂಲ್ ಕನ್ನಡದ ಸ್ವರಚಿಹ್ನೆಯನ್ನೂ ವಿರಾಮವನ್ನೂ ಪದದ ಭಾಗವೆಂದು ಎಣಿಸುವುದಿಲ್ಲ. ಪದ ಹಿಡಿಯುವ ಗುರುತು ಕೊಟ್ಟರೆ 'ಮೆಕ್ಕೆಜೋಳ' ಮ, ಕ, ಕ, ಜ, ಳ ಎಂದು ಚೂರುಚೂರಾಗುತ್ತದೆ. ಪ್ರತ್ಯೇಕವಾಗಿ ಸಿಗುವ 'ರೆಜೆಕ್ಸ್' ಮಾಡ್ಯೂಲ್ ಹಾಕಿಕೊಳ್ಳಿ, ಅಥವಾ ನಿಮ್ಮ ಕೆಲಸಕ್ಕೆ ನೇರ ಹೋಲಿಕೆಯೇ ಸಾಕು.

ದರ ಕನ್ನಡ ಅಂಕಿಯಲ್ಲಿದ್ದರೆ ಹೆದರಬೇಡಿ. ಪೈಥಾನಿನ 'ಇಂಟ್' ೨೧೫೦ ಅನ್ನು 2150 ಎಂದೇ ಓದುತ್ತದೆ. ಅಲ್ಪವಿರಾಮವನ್ನು ಮಾತ್ರ ಮೊದಲು ತೆಗೆಯಬೇಕು. ಆವಕ ಇಲ್ಲದ ದಿನ ಗೀಟು ಅಥವಾ ಖಾಲಿ ಕೋಶ ಬಂದರೆ 0 ತುಂಬಬೇಡಿ, ನನ್ ಎಂದೇ ಇಡಿ. 0 ತುಂಬಿದರೆ ವಾರದ ಸರಾಸರಿ ಸುಳ್ಳೇ ಸುಳ್ಳು ಇಳಿಯುತ್ತದೆ, ನೋಟಿಸ್ ಬೋರ್ಡ್ ನೋಡಿ ಮಾಲು ಮಾರುವ ರೈತರಿಗೆ ಅದು ನಷ್ಟದ ಮಾತು.

---

ವಾಣಿವಿಲಾಸ ಉತ್ತರ:

ಮುದ್ರಣದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಪುಟದಿಂದ ಬೇಡದ್ದನ್ನು ಒಂದೊಂದಾಗಿ ಕೀಳುವುದು ಉದ್ದದ ದಾರಿ. ಟೇಬಲನ್ನು 'ಎಕ್ಸ್‌ಟ್ರಾಕ್ಟ್' ಮಾಡಿ ಹೊರತೆಗೆದು ನಿಮ್ಮದೇ ಖಾಲಿ ಪುಟದಲ್ಲಿ ಇಡಿ. ('ಡಿಕಂಪೋಸ್' ಮಾಡಿದರೆ ಟ್ಯಾಗ್ ಪೂರ್ತಿ ನಾಶ, ಆಮೇಲೆ ಬಳಸಲಾಗದು.) ಕೊಂಡಿಗಳಿಗೆ 'ಅನ್‌ರ‍್ಯಾಪ್' ಹಾಕಿದರೆ ಕೊಂಡಿ ಹೋಗಿ ಪಠ್ಯ ಉಳಿಯುತ್ತದೆ. ಬಣ್ಣ, ಅಗಲ ಎಲ್ಲ ತೆಗೆಯಲು ಪ್ರತಿ ಟ್ಯಾಗಿನ ಗುಣಗಳನ್ನು ಅಳಿಸುವಾಗ ರೋಸ್ಪ್ಯಾನ್, ಕೋಲ್‌ಸ್ಪ್ಯಾನ್ ಎರಡನ್ನು ಉಳಿಸಿಕೊಳ್ಳಿ. ಅವೂ ಅಳಿದರೆ ಅಡಿಕೆಯ ಸಾಲುಗಳು ಹಾಳೆಯ ಮೇಲೂ ಜರುಗುತ್ತವೆ.

ತಲೆಸಾಲು ಪ್ರತಿ ಹಾಳೆಯಲ್ಲೂ ಬರಬೇಕಾದರೆ ಅದು 'ಟಿಹೆಡ್' ಒಳಗೆ ಇರಬೇಕು. 'ನ್ಯೂ_ಟ್ಯಾಗ್'ನಿಂದ ಒಂದು ಟಿಹೆಡ್ ಮಾಡಿ, ಮೊದಲ ಸಾಲಿಗೆ 'ರ‍್ಯಾಪ್' ಮಾಡಿ. ಬರೆಯುವಾಗ 'ಪ್ರೆಟಿಫೈ' ಬೇಡ, ಅದು ಪಠ್ಯದ ನಡುವೆ ಖಾಲಿ ಜಾಗ ತುರುಕುತ್ತದೆ. ನೇರ ಎಸ್‌ಟಿಆರ್ ಸಾಕು. ನಿಮ್ಮ ಪುಟದ ತಲೆಯಲ್ಲಿ ಯುಟಿಎಫ್-8 ಮೆಟಾ ಟ್ಯಾಗ್ ಮರೆಯಬೇಡಿ.

ಸಿಎಸ್‌ವಿ ಎಕ್ಸೆಲ್‌ನಲ್ಲಿ ತೆರೆಯುವವರಿಗಾಗಿ ಎನ್‌ಕೋಡಿಂಗ್ 'ಯುಟಿಎಫ್-8-ಸಿಗ್' ಎಂದು ಕೊಡಿ. ಬರೀ ಯುಟಿಎಫ್-8 ಆದರೆ ಎರಡು ಸಲ ಕ್ಲಿಕ್ ಮಾಡಿ ತೆರೆದಾಗ ಎಕ್ಸೆಲ್ ಕನ್ನಡ ಕೆಡಿಸುತ್ತದೆ.

ದಿನಾಂಕವನ್ನು ಕಂಪ್ಯೂಟರಿನಿಂದ ತೆಗೆದುಕೊಳ್ಳಬೇಡಿ, ಪುಟದ ಮೇಲಿರುವುದನ್ನೇ ಓದಿ. ರಜಾ ದಿನ ಹಿಂದಿನ ದರವೇ ನಿಂತಿರಬಹುದು. ದಿನ, ತಿಂಗಳು, ವರ್ಷ ಎಂಬ ಕ್ರಮ ನೀವೇ ಹೇಳಿ, ಇಲ್ಲದಿದ್ದರೆ 03/04 ಮಾರ್ಚ್ 4 ಆಗಿಬಿಡುತ್ತದೆ.

---

ಜಗಳೂರು_ಹೊಲ:

ಎಲ್ಲರಿಗೂ ತುಂಬಾ ಧನ್ಯವಾದ. ಕೋಟೆನಾಡು ಸರ್, ನೀವು ಹೇಳಿದಂತೆ ಲೆನ್ 11 ಬಂತು, ಶೇಂಗಾದಲ್ಲಿ 3302 ಸಿಕ್ಕಿತು. ಎರಡೂ ಸರಿಹೋದವು. ರೋಸ್ಪ್ಯಾನ್ ಪಾಂಡಾಸ್‌ನಿಂದ ಆಯಿತು.

ಇನ್ನೆರಡು ಉಳಿದಿವೆ. ಹಳೆಯ ದಿನಾಂಕ ಆರಿಸಿ ಬಟನ್ ಒತ್ತಿದಾಗ ಬ್ರೌಸರಿನ ವಿಳಾಸ ಬದಲಾಗುವುದೇ ಇಲ್ಲ, ಅದನ್ನು ಕೋಡಿನಿಂದ ಹೇಗೆ ಕರೆಯುವುದು? (ಇದುವರೆಗೆ ಬ್ರೌಸರಿನಲ್ಲಿ ಉಳಿಸಿಕೊಂಡ ಪುಟ ಓದಿಸುತ್ತಿದ್ದೆ.) ಎರಡನೆಯದು, ಸರ್ಟಿಫಿಕೇಟ್ ದೋಷ ಬಂದು ನಿಲ್ಲುತ್ತದೆ, ಕ್ರೋಮ್‌ನಲ್ಲಿ ಬರುವುದಿಲ್ಲ. 'ವೆರಿಫೈ ಫಾಲ್ಸ್' ಹಾಕಿದರೆ ಓಡುತ್ತದೆ. ಹಾಗೇ ಬಿಡಬಹುದೇ?

---

ಶಾಂತಿಸಾಗರ ಉತ್ತರ:

ಬಿಡಬೇಡಿ ಸರ್. ವೆರಿಫೈ ಫಾಲ್ಸ್ ಎಂದರೆ ಎದುರಿಗಿರುವವರು ಯಾರೆಂದು ಕೇಳದೆ ಅವರು ಹೇಳಿದ ದರ ಬರೆದುಕೊಂಡಂತೆ. ಸಾಮಾನ್ಯವಾಗಿ ಸರ್ವರ್ ತನ್ನ ಸರ್ಟಿಫಿಕೇಟ್ ಮಾತ್ರ ಕಳಿಸಿ ನಡುವಿನ ಇಂಟರ್‌ಮೀಡಿಯೆಟ್ ಸರ್ಟಿಫಿಕೇಟ್ ಕಳಿಸಿರುವುದಿಲ್ಲ. ಕ್ರೋಮ್ ಅದನ್ನು ತಾನೇ ಹುಡುಕಿ ತರುತ್ತದೆ, ರಿಕ್ವೆಸ್ಟ್ಸ್ ತರುವುದಿಲ್ಲ. ಕ್ರೋಮ್‌ನ ಸರ್ಟಿಫಿಕೇಟ್ ಕಿಟಕಿಯಿಂದ ಆ ನಡುವಿನದನ್ನು ಪೆಮ್ ರೂಪದಲ್ಲಿ ಇಳಿಸಿ, ಸರ್ಟಿಫೈ ಪ್ಯಾಕೇಜಿನ ಕಡತದ (ರಿಕ್ವೆಸ್ಟ್ಸ್ ನಂಬುವ ಸರ್ಟಿಫಿಕೇಟ್‌ಗಳ ಪಟ್ಟಿ) ಒಂದು ಪ್ರತಿಯ ಕೊನೆಗೆ ಅಂಟಿಸಿ, ವೆರಿಫೈಗೆ ಆ ಪ್ರತಿಯ ದಾರಿ ಕೊಡಿ.

ವಿಳಾಸ ಬದಲಾಗದಿರುವುದು ಫಾರಂ ಪೋಸ್ಟ್ ಆಗುವುದರಿಂದ. ಮೂಲ ಪಠ್ಯದಲ್ಲಿ 'ವ್ಯೂಸ್ಟೇಟ್' ಎಂಬ ಉದ್ದದ ಹಿಡನ್ ಇನ್‌ಪುಟ್ ಕಂಡರೆ ಅದು ಎಎಸ್‌ಪಿ ಡಾಟ್ ನೆಟ್ ಪುಟ. ರಿಕ್ವೆಸ್ಟ್ಸ್‌ನ 'ಸೆಷನ್' ತೆರೆದು ಮೊದಲು ಪುಟವನ್ನು ಗೆಟ್ ಮಾಡಿ. ಸೂಪ್‌ನಿಂದ ಎಲ್ಲ ಹಿಡನ್ ಇನ್‌ಪುಟ್‌ಗಳ ಹೆಸರು, ಮೌಲ್ಯ ಒಂದು ಡಿಕ್ಷನರಿಗೆ ತುಂಬಿ, ಅದಕ್ಕೆ ದಿನಾಂಕವನ್ನೂ ಒತ್ತುವ ಬಟನ್ನಿನ ಹೆಸರನ್ನೂ ಸೇರಿಸಿ ಅದೇ ಸೆಷನ್‌ನಿಂದ ಪೋಸ್ಟ್ ಮಾಡಿ. ಬೇರೆ ಬಟನ್ನುಗಳ ಹೆಸರು ಸೇರಿಸಬಾರದು. ಜಿಲ್ಲೆ ಆರಿಸಿದ ಮೇಲೆ ಮಾರುಕಟ್ಟೆಯ ಪಟ್ಟಿ ತುಂಬುವಂತಿದ್ದರೆ ಎರಡು ಪೋಸ್ಟ್ ಬೇಕು. ಪ್ರತಿ ಉತ್ತರದಲ್ಲೂ ವ್ಯೂಸ್ಟೇಟ್ ಹೊಸದಾಗುತ್ತದೆ, ಹಿಂದಿನದನ್ನೇ ಕಳಿಸಿದರೆ ಸರ್ವರ್ ದೋಷ ಕೊಡುತ್ತದೆ ಅಥವಾ ಹಳೆಯ ಪಟ್ಟಿಯನ್ನೇ ತಿರುಗಿಸುತ್ತದೆ.

ಟೈಮ್‌ಔಟ್ ತಪ್ಪದೆ ಕೊಡಿ, ಸಂಪರ್ಕಕ್ಕೆ 5 ಸೆಕೆಂಡ್, ಓದಲು 30. ಕೊಡದಿದ್ದರೆ ರಿಕ್ವೆಸ್ಟ್ಸ್ ಎಷ್ಟು ಹೊತ್ತಾದರೂ ಕಾಯುತ್ತಲೇ ಇರುತ್ತದೆ. ಹಳೆಯ ದಿನಗಳನ್ನು ಸಾಲಾಗಿ ತೆಗೆಯುವಾಗ ಒಂದೊಂದಕ್ಕೂ 3ರಿಂದ 5 ಸೆಕೆಂಡ್ ಬಿಡುವು ಇರಲಿ, ಅದೇ ಪುಟವನ್ನು ರೈತರೂ ತೆರೆದಿರುತ್ತಾರೆ. ಮೊದಲು ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ (ಪ್ರೋಗ್ರಾಂಗಳು ಯಾವ ಪುಟ ತೆಗೆಯಬಾರದೆಂದು ತಾಣ ಹೇಳುವ ಕಡತ) ಓದಿ. ಬಂದ ಬೈಟನ್ನು ದಿನಾಂಕದ ಹೆಸರಿನಲ್ಲಿ ಡಿಸ್ಕಿಗೆ ಬರೆದು, ಆಮೇಲೆ ಬೇರೆ ಪ್ರೋಗ್ರಾಮಿನಿಂದ ಓದಿಸಿ. ಕೋಡಿನಲ್ಲಿ ತಪ್ಪು ಸಿಕ್ಕಿದಾಗ ಸರ್ವರನ್ನು ಮತ್ತೆ ಕೇಳುವ ಅಗತ್ಯ ಬರುವುದಿಲ್ಲ.

---

ಕೋಟೆನಾಡು ಉತ್ತರ:

ಒಂದು ಸೇರಿಸುತ್ತೇನೆ. ಡೇಟಾ ಡಾಟ್ ಗವ್ ಡಾಟ್ ಇನ್‌ನಲ್ಲಿ ದೇಶದ ಮಂಡಿಗಳ ದೈನಂದಿನ ದರ ಎಪಿಐ (ಪ್ರೋಗ್ರಾಂ ನೇರವಾಗಿ ಮಾಹಿತಿ ಕೇಳುವ ದಾರಿ) ಮೂಲಕ ಸಿಗುತ್ತದೆ, ಖಾತೆ ತೆರೆದು ಕೀ ಪಡೆಯಬೇಕು. ಹೆಸರುಗಳು ಇಂಗ್ಲಿಷಿನಲ್ಲಿರುತ್ತವೆ, ನಮ್ಮ ಜಿಲ್ಲೆಯ ಕಾಗುಣಿತ 'ದಾವಣ' ಮತ್ತು 'ದಾವಣ್' ಎರಡೂ ಥರ ಹುಡುಕಿ ನೋಡಿ. ನಿಮಗೆ ಬೇಕಾದ ಮಾರುಕಟ್ಟೆ ಅಲ್ಲಿ ದಿನವೂ ಬರುತ್ತಿದ್ದರೆ ಸಿಎಸ್‌ವಿಗೆ ಅದನ್ನೇ ಬಳಸಿ, ನೋಟಿಸ್ ಬೋರ್ಡಿಗೆ ಮಾತ್ರ ಪುಟದ ಕೋಷ್ಟಕ ಸಾಕು. ಬಾಡಿಗೆ ಸರ್ವರಿನಲ್ಲಿ ಸಂಜೆ 6ಕ್ಕೆ ಓಡಿಸುವುದಾದರೆ ಅದರ ಗಡಿಯಾರ ಯುಟಿಸಿಯಲ್ಲಿದೆಯೇ ನೋಡಿಕೊಳ್ಳಿ. ಹಾಗಿದ್ದರೆ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಪ್ರೋಗ್ರಾಂ ಓಡಿಸುವ ಸೌಲಭ್ಯ) 12:30 ಎಂದು ಬರೆಯಬೇಕು.