ಜರ್ನಲ್‌ಗೆ (ಸಂಶೋಧನಾ ಪತ್ರಿಕೆಗೆ) ಪೇಪರ್ ಕಳಿಸಿ ನಾಲ್ಕು ತಿಂಗಳಾಯಿತು, ಇನ್ನೂ ‘ಅಂಡರ್ ರಿವ್ಯೂ’, ಅಂದರೆ ಪರಿಶೀಲನೆಯಲ್ಲೇ ಇದೆ!

ಧಾರವಾಡದ ಹುಡುಗಿ: ಎರೆ ಮಣ್ಣಿನ ಬಗ್ಗೆ ನನ್ನ ಮೊದಲ ಸಂಶೋಧನಾ ಪೇಪರ್. ಸುಮ್ನೆ ಕಾಯಬೇಕಾ, ಸಂಪಾದಕರನ್ನು ಕೇಳಬಹುದಾ?

ಹುಬ್ಬಳ್ಳಿ ಮೇಷ್ಟ್ರು: ನಾಲ್ಕು ತಿಂಗಳು ಜಾಸ್ತಿ ಏನಲ್ಲ ತಂಗಿ. ಸಂಪಾದಕರು ಮೊದಲು ತಾವೇ ನೋಡುತ್ತಾರೆ, ಅಲ್ಲಿ ದಾಟಿದರೆ ವಿಷಯ ಬಲ್ಲ ಇಬ್ಬರು ಮೂವರಿಗೆ ಕಳಿಸುತ್ತಾರೆ. ಅವರಿಗೆ ಇದಕ್ಕೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ, ಪಾಠ, ಪರೀಕ್ಷೆ ಎಲ್ಲ ಮುಗಿಸಿ ಬಿಡುವಾದಾಗ ಓದುತ್ತಾರೆ, ಎಷ್ಟೋ ಜನ ಒಲ್ಲೆ ಅನ್ನುತ್ತಾರೆ, ಆಗ ಮತ್ತೆ ಹುಡುಕಾಟ. ಎರಡು ಸಾಲು ಮೇಲ್ ಹಾಕು, ಯಾರೂ ಬೈಯುವುದಿಲ್ಲ.

ಗದಗಿನವ: ನನ್ನದಕ್ಕೆ ಒಬ್ಬರು ‘ಚೆನ್ನಾಗಿದೆ’ ಅಂದರು, ಇನ್ನೊಬ್ಬರು ಹನ್ನೊಂದು ಪ್ರಶ್ನೆ ಹಾಕಿದರು. ಸಿಟ್ಟು ಬಂತು ನೋಡ್ರಿ. ಒಂದೊಂದಕ್ಕೂ ಉತ್ತರ ಬರೆದೆ, ಒಪ್ಪದ ಕಡೆ ಕಾರಣ ಕೊಟ್ಟೆ, ತೆಗೆದುಕೊಂಡರು. ಮೂರೇ ದಿನಕ್ಕೆ ಒಪ್ಪಿ ದುಡ್ಡು ಕೇಳುವ ಜರ್ನಲ್ ಮಾತ್ರ ಬೇಡ್ರಿ.

ಧಾರವಾಡದ ಹುಡುಗಿ: ಆಯ್ತು ಸರ್, ಇವತ್ತೇ ಮೇಲ್ ಹಾಕುತ್ತೇನೆ.