ಹಳೆ ಆಲ್ಕೊ ಸಿ420: ಬೆಳಗ್ಗೆ ಗ್ರೌಂಡ್ ರಿಲೇ ಬೀಳುತ್ತದೆ, ಮಧ್ಯಾಹ್ನಕ್ಕೆ ಎಲ್ಲ ಸರಿ

ಸಕಲೇಶಪುರದವ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದಲ್ಲಿ, ನ್ಯೂಯಾರ್ಕ್ ರಾಜ್ಯದ ಪಶ್ಚಿಮದ ಕಡೆ. ಇಲ್ಲಿ ಒಂದು ಸಣ್ಣ ಗೂಡ್ಸ್ ರೈಲು ಕಂಪನಿಯಲ್ಲಿ ಮೆಕ್ಯಾನಿಕ್. ಇಂಥವನ್ನು ಶಾರ್ಟ್ ಲೈನ್ ಅಂತಾರೆ. ದೊಡ್ಡ ಕಂಪನಿಯವರು ಜಂಕ್ಷನ್‌ನಲ್ಲಿ ವ್ಯಾಗನ್ ಬಿಟ್ಟು ಹೋಗುತ್ತಾರೆ. ಅವನ್ನು ಫೀಡ್ ಮಿಲ್ಲಿಗೆ, ಮರದ ಗೋದಾಮಿಗೆ ಮುಟ್ಟಿಸುವುದು ನಮ್ಮ ಕೆಲಸ. ಚಳಿಗಾಲದಲ್ಲಿ ಇದರ ಜೊತೆಗೆ ರಸ್ತೆಗೆ ಹಾಕುವ ಕಲ್ಲುಪ್ಪು ಬೇರೆ.

ನಮ್ಮ ಹತ್ತಿರ ಇರುವುದು ಎರಡೇ ಲೋಕೊ. ಎರಡೂ ಆಲ್ಕೊ ಸಿ420, 1960ರ ದಶಕದವು. 12 ಸಿಲಿಂಡರಿನ 251 ಎಂಜಿನ್, 2000 ಅಶ್ವಶಕ್ತಿ, ಚಕ್ರ ತಿರುಗಿಸುವ ಜಿಇ 752 ಟ್ರ್ಯಾಕ್ಷನ್ ಮೋಟರ್ ನಾಲ್ಕು. ಮಾಡಿದ ಕಂಪನಿ 1969ರಲ್ಲೇ ಬಾಗಿಲು ಹಾಕಿತು. ಹಾಗಾಗಿ ಫೋನ್ ಮಾಡಿ ಕೇಳೋಣ ಅಂದರೆ ಯಾರೂ ಇಲ್ಲ. ಕಳೆದ ವರ್ಷ ತರಿಸಿದ ಪಿಸ್ಟನ್ ರಿಂಗಿನ ಡಬ್ಬದ ಮೇಲೆ ಮೇಡ್ ಇನ್ ಇಂಡಿಯಾ ಅಂತ ಇತ್ತು. ಹಾಗಾದರೆ ಊರಿನವರನ್ನೇ ಕೇಳೋಣ ಅನ್ನಿಸಿತು.

ತೊಂದರೆ ಇದು. ಎರಡು ವಾರದಿಂದ ಒಂದು ಲೋಕೊದಲ್ಲಿ ಬೆಳಗ್ಗೆ ಹೊರಟ ಸ್ವಲ್ಪ ಹೊತ್ತಿಗೆ ಗ್ರೌಂಡ್ ರಿಲೇ (ಕರೆಂಟ್ ಚಾಸಿಗೆ ಸೋರಿದರೆ ಪವರ್ ಕಡಿಯುವ ಸ್ವಿಚ್) ಬೀಳುತ್ತದೆ. ಗಂಟೆ ಹೊಡೆಯುತ್ತದೆ, ಪವರ್ ಹೋಗುತ್ತದೆ, ಎಂಜಿನ್ ಐಡಲ್‌ಗೆ ಇಳಿಯುತ್ತದೆ. ರೀಸೆಟ್ ಮಾಡಿದರೆ ಮತ್ತೆ ಬೀಳುತ್ತದೆ. ಒಂದು ಗಂಟೆ ಐಡಲ್‌ನಲ್ಲಿ ಬಿಟ್ಟರೆ ಆಮೇಲೆ ಇಡೀ ದಿನ ಸುಮ್ನೆ ಓಡುತ್ತದೆ. ಇನ್ನೊಂದು ಲೋಕೊ 92 ದಿನಕ್ಕೊಮ್ಮೆ ಮಾಡಲೇಬೇಕಾದ ತಪಾಸಣೆಗೆ ಪಿಟ್ ಮೇಲೆ ನಿಂತಿದೆ. ಇದು ಕೈಕೊಟ್ಟರೆ ಗತಿಯಿಲ್ಲ. ಏನು ನೋಡಲಿ?

ಹಳಿ ಹುಚ್ಚ:

ರಿಲೇನೇ ಹಳೇದಾಗಿರಬೇಕು ಅಲ್ವಾ? ಚಳಿಗೆ ಸ್ಪ್ರಿಂಗ್ ಬಿಗಿದುಕೊಂಡಿರುತ್ತದೆ. ಬದಲಾಯಿಸಿ ನೋಡಿ.

ಸಕಲೇಶಪುರದವ:

ಅದನ್ನೇ ಮೊದಲು ಮಾಡಿದ್ದು. ಪಿಟ್ ಮೇಲಿದ್ದ ಲೋಕೊದಿಂದ ಬಿಚ್ಚಿ ಹಾಕಿದೆ. ಅದೂ ಬಿತ್ತು. ಮೋಟರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್‌ಗಳ ಉದ್ದ ನೋಡಿದೆ, ಇನ್ನೂ ಬೇಕಾದಷ್ಟಿದೆ. ನಮ್ಮ ಡ್ರೈವರ್ ಒಬ್ಬ, ರಿಲೇ ಬೀಳದ ಹಾಗೆ ಅದಕ್ಕೊಂದು ಕಡ್ಡಿ ಸಿಕ್ಕಿಸಿಬಿಡು, ಹಿಂದೆ ಹಾಗೇ ಓಡಿಸುತ್ತಿದ್ದೆವು ಅಂತಾನೆ.

ಶೆಡ್ಡಿನ ಮುದುಕ:

ಕಡ್ಡಿ ಗಿಡ್ಡಿ ಸಿಕ್ಕಿಸಬೇಡಿ ಮಾರಾಯ್ರೇ. ಕಡ್ಡಿ ಸಿಕ್ಕಿಸಿದ ಗಾಡಿಯ ಮೋಟರ್ ಆಮೇಲೆ ಬಿಚ್ಚಿದಾಗ ಒಳಗೆ ತಾಮ್ರ ಕರಗಿ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿದ್ದನ್ನು ಈ ಕಣ್ಣಲ್ಲೇ ನೋಡಿದ್ದೇನೆ.

ರಿಲೇ ಏನು ಮಾಡುತ್ತದೆ ಅಂತ ಮೊದಲು ಹೇಳಿಬಿಡ್ತೀನಿ. ಪವರ್ ಸರ್ಕ್ಯೂಟಿನ ಯಾವ ವೈರೂ ಲೋಕೊದ ಚಾಸಿಗೆ ತಾಗಿರಬಾರದು. ಒಂದು ಕಡೆ ತಾಗಿದರೂ ಗಾಡಿ ಓಡುತ್ತದೆ. ಇನ್ನೊಂದು ಕಡೆಯೂ ತಾಗಿದರೆ ಅದು ಶಾರ್ಟ್. ಒಂದನೆಯದು ತಾಗಿದಾಗಲೇ ರಿಲೇ ನಿಮಗೆ ಕೂಗಿ ಹೇಳುತ್ತಿದೆ, ಅಷ್ಟೇ. ಕೂಗುವವನ ಬಾಯಿ ಮುಚ್ಚಿದರೆ ಹೇಗೆ?

ನಾನು ಮೂವತ್ತು ವರ್ಷ ಡೀಸೆಲ್ ಶೆಡ್ಡಿನಲ್ಲಿ ನಮ್ಮ ರೈಲ್ವೆಯ ಡಬ್ಲ್ಯೂಡಿಎಂ-2 ಡೀಸೆಲ್ ಲೋಕೊ ಬಿಚ್ಚಿ ಜೋಡಿಸಿದವನು. ಅದರ ಎಂಜಿನ್ ನಿಮ್ಮ 251ರ ಅಣ್ಣನೇ, 16 ಸಿಲಿಂಡರಿಂದು. 1962ರಲ್ಲಿ ಮೊದಲ ಗಾಡಿಗಳು ನಿಮ್ಮ ಆ ಕಡೆಯಿಂದಲೇ ಬಂದವು, 1964ರಿಂದ ವಾರಾಣಸಿಯಲ್ಲಿ ಮಾಡತೊಡಗಿದರು. ಮಳೆಗಾಲ ಬಂತೆಂದರೆ ನಮಗೆ ಇದೇ ಕಾಯಿಲೆ. ಕ್ಯಾಸಲ್‌ರಾಕ್–ಕುಳೆಂ ಘಾಟಿ ಗೊತ್ತಲ್ಲ, 37 ಅಡಿ ಮುಂದೆ ಹೋದರೆ ಒಂದು ಅಡಿ ಏರು. ಅಲ್ಲಿ ನೆಂದು ಬಂದ ಗಾಡಿಗಳು ಶೆಡ್ಡಿಗೆ ಬರುವ ಹೊತ್ತಿಗೆ ಒಣಗಿ, ಏನೂ ಆಗಿಲ್ಲವೆಂಬಂತೆ ನಿಂತಿರುತ್ತಿದ್ದವು. ಡ್ರೈವರ್ ಸುಳ್ಳು ಹೇಳುತ್ತಾನೆ ಅಂತ ನಾವು ಬೈಯುತ್ತಿದ್ದೆವು.

ಮೂರು ಪ್ರಶ್ನೆ. ಬೀಳುವಾಗ ಢಂ ಅಂತ ಸದ್ದು ಬರುತ್ತದಾ? ನಾಚ್ ಒಂದು, ಅಂದರೆ ಥ್ರಾಟಲಿನ ಮೊದಲ ಮೆಟ್ಟಿಲು, ಹಾಕಿದ ಕೂಡಲೇ ಬೀಳುತ್ತದಾ, ಇಲ್ಲ ವೇಗ ಬಂದ ಮೇಲಾ? ರಾತ್ರಿ ಗಾಡಿ ಎಲ್ಲಿ ನಿಲ್ಲಿಸುತ್ತೀರಿ?

ಸಕಲೇಶಪುರದವ:

ಸದ್ದಿಲ್ಲ, ಸುಟ್ಟ ವಾಸನೆಯೂ ಇಲ್ಲ. ನಾಚ್ ಒಂದು, ಎರಡರಲ್ಲಿ ಹೊರಡುತ್ತದೆ. ಗಂಟೆಗೆ ಹತ್ತು ಮೈಲಿ ದಾಟಿದ ಮೇಲೆ, ನಾಚ್ ನಾಲ್ಕರ ಹತ್ತಿರ ಬೀಳುತ್ತದೆ. ರಾತ್ರಿ ನಿಲ್ಲುವುದು ಉಪ್ಪು ತುಂಬುವ ಸೈಡಿಂಗಿನಲ್ಲಿ. ಶೆಡ್ಡಿನೊಳಗೆ ಒಂದಕ್ಕೇ ಜಾಗ.

ಶೆಡ್ಡಿನ ಮುದುಕ:

ಉಪ್ಪು! ಅದನ್ನು ಮೊದಲೇ ಹೇಳಬಾರದಾ.

ಢಂ ಇಲ್ಲ ಅಂದರೆ ಫ್ಲ್ಯಾಶ್‌ಓವರ್ ಅಲ್ಲ, ಅಂದರೆ ಮೋಟರ್ ಒಳಗೆ ಕಿಡಿ ಹಾರಿ ಶಾರ್ಟ್ ಆಗಿಲ್ಲ. ಒಂದನೇ ನಾಚ್‌ನಲ್ಲಿ ಬೀಳುವುದಿಲ್ಲ ಅಂದರೆ ವೈರ್ ಪೂರ್ತಿ ಚಾಸಿಗೆ ಕೂತಿಲ್ಲ. ವೋಲ್ಟೇಜ್ ಏರಿದಾಗ ಮಾತ್ರ ಎಲ್ಲೋ ಜಿನುಗುತ್ತಿದೆ. ಐಡಲ್‌ನಲ್ಲಿ ಬಿಟ್ಟರೆ ಸರಿಹೋಗುತ್ತದೆ ಅಂದರೆ ಬ್ಲೋವರ್ ಗಾಳಿಗೆ ಒಣಗುತ್ತಿದೆ. ತೇವ ಇದು, ಅನುಮಾನ ಬೇಡ. ನಾಲ್ಕರಲ್ಲಿ ಯಾವ ಮೋಟರ್ ಅಂತ ಹುಡುಕುವುದಷ್ಟೇ ಬಾಕಿ.

ಮೋಟರ್ ಕಟ್‌ಔಟ್ ಸ್ವಿಚ್ ಇದ್ದರೆ ಬೆಳಗ್ಗೆ, ಗಾಡಿ ತಣ್ಣಗಿರುವಾಗ, ಒಂದೊಂದೇ ತೆಗೆದು ಓಡಿಸಿ ನೋಡಿ. ಡ್ರಾಯಿಂಗ್ ಮುಂದೆ ಇಟ್ಟುಕೊಳ್ಳಿ, ಒಂದನ್ನು ತೆಗೆದರೆ ಅದರ ಜೋಡಿಯೂ ಜೊತೆಗೆ ಹೋಗಬಹುದು. ಸ್ವಿಚ್ ಇಲ್ಲದಿದ್ದರೆ ಎಂಜಿನ್ ನಿಲ್ಲಿಸಿ, ಬ್ಯಾಟರಿ ಸ್ವಿಚ್ ತೆಗೆದು, ಮೋಟರ್ ಕೇಬಲ್ ಬಿಚ್ಚಿ ಮೆಗ್ಗರ್ (ಇನ್ಸುಲೇಷನ್ ಎಷ್ಟು ಗಟ್ಟಿ ಅಂತ ಅಳೆಯುವ ಮೀಟರ್) ಹಾಕಿ. ಗ್ರೌಂಡ್ ರಿಲೇ ವೈರ್ ಬಿಚ್ಚಿಡಲು ಮರೆಯಬೇಡಿ. ಮರೆತರೆ ಎಲ್ಲ ಮೋಟರೂ ಸತ್ತಿದೆ ಅಂತ ತೋರಿಸಿ ಹೆದರಿಸುತ್ತದೆ. ಒಂದು ಮೆಗ್‌ಓಮ್‌ಗಿಂತ ಕೆಳಗಿರುವ ಮೋಟರಿಗೆ ಲೋಡ್ ಕೊಡಬೇಡಿ. ಮಧ್ಯಾಹ್ನ ಅಳೆದು ಪ್ರಯೋಜನವಿಲ್ಲ, ಎಲ್ಲವೂ ಒಳ್ಳೆಯದೇ ತೋರಿಸುತ್ತದೆ.

ಪೀಣ್ಯ ವೈಂಡರ್:

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಮ್ಮದು ಮೋಟರ್ ರಿವೈಂಡಿಂಗ್ ಅಂಗಡಿ. ಮೆಗ್ಗರ್ ಹಾಕಿ ಕೂಡಲೇ ತೆಗೆಯಬೇಡಿ, ಹತ್ತು ನಿಮಿಷ ಹಾಗೇ ಇಡಿ. ಒಂದನೇ ನಿಮಿಷದ ರೀಡಿಂಗ್ ಬರೆದುಕೊಳ್ಳಿ, ಹತ್ತನೇ ನಿಮಿಷದ್ದೂ ಬರೆದುಕೊಳ್ಳಿ. ಚೆನ್ನಾಗಿರುವ ವೈಂಡಿಂಗ್‌ನಲ್ಲಿ ರೀಡಿಂಗ್ ಏರುತ್ತಾ ಹೋಗಿ ಎರಡರಷ್ಟಾದರೂ ಆಗುತ್ತದೆ. ಏರದೆ ಅಲ್ಲೇ ನಿಂತಿದ್ದರೆ ತೇವ ಅಥವಾ ಕೊಳೆ.

ಇನ್ನೊಂದು ಮಾತು. ಉಪ್ಪು ಸಾಲ್ವೆಂಟಿಗೆ ಹೋಗುವುದಿಲ್ಲ. ಸಾಲ್ವೆಂಟ್ ಎಣ್ಣೆ ಕೊಳೆ ತೆಗೆಯುತ್ತದೆ, ಉಪ್ಪು ಅಲ್ಲೇ ಕೂತಿರುತ್ತದೆ, ಮಾರನೇ ದಿನ ಮತ್ತೆ ತೇವ ಎಳೆದುಕೊಳ್ಳುತ್ತದೆ. ಉಪ್ಪಿಗೆ ನೀರೇ ಬೇಕು. ಡಿಸ್ಟಿಲ್ಡ್ ವಾಟರ್‌ನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ, ಆಮೇಲೆ ಬಿಸಿಗಾಳಿಯಲ್ಲಿ ಒಣಗಿಸಿ.

ಸಕಲೇಶಪುರದವ:

ಸಿಕ್ಕಿತು. ಇವತ್ತು ಬೆಳಗ್ಗೆ ಐದಕ್ಕೇ ಹೋದೆ, ಹೊರಗೆ ಮೈನಸ್ ಆರು ಡಿಗ್ರಿ. ಕೈಗವಸು ಹಾಕಿಕೊಂಡು ಬೋಲ್ಟ್ ಬಿಚ್ಚಲಾಗದೆ ಕೊನೆಗೆ ತೆಗೆದೇ ಬಿಚ್ಚಿದೆ. ಒಂದನೇ ಮೋಟರ್ 8 ಮೆಗ್‌ಓಮ್, ಎರಡನೆಯದು 6, ನಾಲ್ಕನೆಯದು 5. ಮೂರನೆಯದು 0.3! ಹತ್ತು ನಿಮಿಷ ಇಟ್ಟರೂ 0.3 ಅನ್ನೋದು 0.3 ಆಗಿಯೇ ಇತ್ತು.

ಮೂರನೇ ಮೋಟರಿನ ಬ್ರಷ್ ಕವರ್ ತೆಗೆದು ಟಾರ್ಚ್ ಬಿಟ್ಟೆ. ಬ್ರಷ್ ಹೋಲ್ಡರಿನ ಇನ್ಸುಲೇಟರ್ ಬಿಳಿ ಇರಬೇಕಿತ್ತು, ಕಾಡಿಗೆ ಬಳಿದ ಹಾಗಿದೆ. ಆ ಕಪ್ಪಿನ ಮೇಲೆ ಸಣ್ಣಗೆ ಮಿನುಗು. ಬೆರಳಿಗೆ ತಗಲಿಸಿ ನೋಡಿದರೆ ಅಂಟು ಅಂಟು. ಕಾರ್ಬನ್ ಪುಡಿ, ಎಣ್ಣೆ, ಉಪ್ಪು, ಮೂರೂ ಸೇರಿ ಪೇಸ್ಟ್ ಆಗಿದೆ. ಕಮ್ಯುಟೇಟರ್ (ಬ್ರಷ್ ಉಜ್ಜುತ್ತಾ ಓಡುವ ತಾಮ್ರದ ಉರುಳೆ) ತುದಿಯ ಇನ್ಸುಲೇಷನ್ ಪಟ್ಟಿಯ ಮೇಲೂ ಇದೇ. ಕಾರ್ಬನ್ ಪುಡಿ ಉಳಿದ ಮೋಟರ್‌ಗಳಲ್ಲೂ ಇದೆ, ಆದರೆ ಒಣಗಿ ಹಾರಿಹೋಗುವಂಥದ್ದು. ಇದೊಂದೇ ಯಾಕೆ ಹೀಗೆ?

ಶೆಡ್ಡಿನ ಮುದುಕ:

ಕೆಳಗೆ ಮಲಗಿಕೊಂಡು ಬೆಲ್ಲೋಸ್ ನೋಡಿ. ಬ್ಲೋವರ್‌ನಿಂದ ಮೋಟರಿಗೆ ಗಾಳಿ ತರುವ ಆ ಕ್ಯಾನ್ವಾಸ್ ತೋಳು. ಹರಿದಿರುತ್ತದೆ ನೋಡಿ.

ಸಕಲೇಶಪುರದವ:

ಸರ್, ನೀವು ಇಲ್ಲಿ ಬಂದು ನೋಡಿದ್ದೀರಾ? ಹಿಂಬದಿಯಲ್ಲಿ ಅಂಗೈ ಅಗಲ ಹರಿದಿದೆ. ಮುಂದಿನಿಂದ ನೋಡಿದರೆ ಹೊಸದರ ಹಾಗೆ ಕಾಣುತ್ತದೆ, ಅದಕ್ಕೇ ಯಾರ ಕಣ್ಣಿಗೂ ಬಿದ್ದಿಲ್ಲ.

ಶೆಡ್ಡಿನ ಮುದುಕ:

ನೋಡದೆ ಏನು, ನೂರು ಸಲ ನೋಡಿದ್ದೇನೆ. ಗಾಳಿ ಮೋಟರಿಗೆ ತಂಪು ಕೊಡುವುದಷ್ಟೇ ಅಲ್ಲ, ಒಳಗೆ ಒತ್ತಡ ಇಟ್ಟು ಧೂಳನ್ನು ಹೊರಗೇ ತಡೆಯುತ್ತದೆ. ಬೆಲ್ಲೋಸ್ ಹರಿದರೆ ಆ ಒತ್ತಡ ಹೋಯಿತು. ಹಳಿಯ ಮೇಲಿನ ಉಪ್ಪು, ಹಿಮ, ಕೆಸರು ಎಲ್ಲ ಸಂದಿಯಲ್ಲಿ ಒಳಗೆ ಹೋಗುತ್ತದೆ. ಮೋಟರ್ ಎಷ್ಟು ತೊಳೆದರೂ ಬೆಲ್ಲೋಸ್ ಬದಲಾಯಿಸದಿದ್ದರೆ ತಿಂಗಳಲ್ಲಿ ಮತ್ತೆ ಇಲ್ಲೇ ಬಂದು ಬರೆಯುತ್ತೀರಿ.

ಪೀಣ್ಯದವರು ಹೇಳಿದ ಹಾಗೆ ಮೊದಲು ಸಾಲ್ವೆಂಟ್, ಆಮೇಲೆ ನೀರಿನ ಬಟ್ಟೆ, ಆಮೇಲೆ ಒಣಗಿಸುವುದು. ಏರ್ ಹೊಡೆಯುವಾಗ ಜೋಪಾನ, ಪುಡಿಯನ್ನು ವೈಂಡಿಂಗ್ ಒಳಕ್ಕೆ ತಳ್ಳಬೇಡಿ, ವ್ಯಾಕ್ಯೂಮ್ ಇದ್ದರೆ ಅದೇ ಒಳ್ಳೆಯದು. ಇನ್ಸುಲೇಟರ್ ಮೇಲೆ ಮರದ ಬೇರಿನ ಹಾಗೆ ಸುಟ್ಟ ಗೆರೆ ಇದ್ದರೆ ಅದನ್ನು ಉಜ್ಜುತ್ತಾ ಕೂರಬೇಡಿ, ಬದಲಾಯಿಸಿ. ಪೂರ್ತಿ ಒಣಗಿದ ಮೇಲೆ ಪಟ್ಟಿಗೆ ಕೆಂಪು ಇನ್ಸುಲೇಟಿಂಗ್ ವಾರ್ನಿಷ್ ಹೊಡೆಯಿರಿ. ಬ್ರಷ್ ಓಡುವ ಕಡೆ ಒಂದು ತೊಟ್ಟೂ ಬೀಳಬಾರದು.

ಹಳಿ ಹುಚ್ಚ:

ಸ್ಪ್ರಿಂಗ್ ಅಂದಿದ್ದಕ್ಕೆ ಕ್ಷಮೆ ಇರಲಿ. 😅

ಸಕಲೇಶಪುರದವ:

ಹನ್ನೊಂದು ದಿನ ಆಯಿತು, ರಿಲೇ ಒಂದು ಸಲವೂ ಬಿದ್ದಿಲ್ಲ. ಒಂದು ಇನ್ಸುಲೇಟರ್‌ನಲ್ಲಿ ನೀವು ಹೇಳಿದ ಬೇರಿನಂಥ ಗೆರೆ ಇತ್ತು, ಬದಲಾಯಿಸಿದೆ. ಈಗ ಮೂರನೆಯದು ತಣ್ಣಗಿದ್ದಾಗಲೂ 9 ಮೆಗ್‌ಓಮ್, ಒಂದನೆಯದಕ್ಕಿಂತ ಜಾಸ್ತಿ. ಬೆಲ್ಲೋಸ್ ಹೊಸದು ಎಲ್ಲೂ ಸಿಗಲಿಲ್ಲ. ಲಾರಿ ಟಾರ್ಪಾಲಿನ್ ಹೊಲಿಯುವ ಒಬ್ಬರು ಹಳೆಯದರ ಅಳತೆಗೆ ಹೊಲಿದು ಕೊಟ್ಟರು. ಪಿಟ್ ಮೇಲಿದ್ದ ಲೋಕೊದ ಅಡಿಗೂ ತೂರಿ ನೋಡಿದೆ, ಅದರಲ್ಲಿ ಎರಡು ಹರಿದಿವೆ.

ಶೆಡ್ಡಿನ ಮುದುಕ:

ಬ್ರಷ್ ಕವರಿನ ಗ್ಯಾಸ್ಕೆಟ್ ಹೊಸದು ಹಾಕಿದಿರಾ?

ಸಕಲೇಶಪುರದವ:

ಇಲ್ಲ. ಹಳೆಯದನ್ನೇ ಕೂರಿಸಿದೆ. ನಾಳೆ ಹಾಕ್ತೀನಿ ಸರ್.