ಅಪ್‌ಡೇಟ್: ನನ್ನ ಪ್ರಾರ್ಥನಾ ನಿಯಮ ಶುರುವಾಯಿತು

ಮುಂಬೈನ ಅಂಧೇರಿಯಲ್ಲಿ ಶಿಫ್ಟ್ ಕೆಲಸ ಮಾಡಿಕೊಂಡು ಪ್ರಾರ್ಥನೆಗೆ ಸ್ವಂತ ನಿಯಮ, ಅಂದರೆ ಯಾವಾಗ ಯಾವ ಪ್ರಾರ್ಥನೆ ಅನ್ನುವ ಕ್ರಮ, ಮಾಡಿಕೊಳ್ಳುವುದು ಹೇಗೆ ಅಂತ ಇಲ್ಲಿ ಕೇಳಿದ್ದೆ. ಚಿಕ್ಕದಾಗಿ ಶುರು ಮಾಡಿ, ಗುರುಗಳನ್ನು ಕೇಳಿ ಅಂದಿದ್ದಿರಿ. ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ನಮ್ಮ ಚರ್ಚಿನ ಫಾದರ್ ನನ್ನ ಪ್ರಾರ್ಥನೆಗಳ ಪಟ್ಟಿಯಲ್ಲಿ ಅರ್ಧ ಹೊಡೆದು ಹಾಕಿದರು. "ನೈಟ್ ಶಿಫ್ಟ್ ಇದ್ದಾಗಲೂ ಆಗುವಷ್ಟೇ ಇರಲಿ" ಅಂದರು. ಈಗ ಲೋಕಲ್ ಟ್ರೇನಲ್ಲಿ ಬೈಬಲ್‌ನ ಒಂದು ಕೀರ್ತನೆ, ಭಾನುವಾರ ಚರ್ಚಿನ ಪೂಜೆ (ಮಾಸ್), ಮಲಗುವ ಮುಂಚೆ ಜೆಸ್ಯೂಟ್ ಸಭೆ ಸ್ಥಾಪಿಸಿದ ಸಂತ ಇಗ್ನೇಷಿಯಸ್ ಕಲಿಸಿದ ಆತ್ಮಪರೀಕ್ಷೆ, ಅಂದರೆ ಆ ದಿನವನ್ನು ದೇವರ ಮುಂದೆ ನೆನೆದು ನೋಡುವ ಪ್ರಾರ್ಥನೆ. ಅದು ದೇವರಿಗೆ ಕೃತಜ್ಞತೆ ಹೇಳುವುದರಿಂದ ಶುರುವಾಗುತ್ತದೆ. ತಪ್ಪು ಹುಡುಕುವುದು ಆಮೇಲೆ. ಈ ಕ್ರಮವೇ ನನಗೆ ತುಂಬಾ ಹಿಡಿಸಿತು. ಮೊನ್ನೆ ದಾದರಿನಲ್ಲಿ ಅಪರಿಚಿತ ಅಜ್ಜಿಯೊಬ್ಬರು ಸರಿದು ಕೂತು ಜಾಗ ಕೊಟ್ಟಿದ್ದು ರಾತ್ರಿ ನೆನಪಾಯಿತು. ಇಲ್ಲದಿದ್ದರೆ ಮರೆತೇ ಹೋಗುತ್ತಿತ್ತು, ಅಲ್ವಾ?

1548ರಲ್ಲಿ ಪೋಪ್ ಮೂರನೇ ಪೌಲ್ ಒಪ್ಪಿಗೆ ಕೊಟ್ಟ ಇಗ್ನೇಷಿಯಸ್ ಅವರ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ಮನಸ್ಸು ಬರಡಾದಾಗ ಮೊದಲಿನ ನಿರ್ಧಾರ ಬದಲಿಸಬೇಡಿ, ಪ್ರಾರ್ಥನೆ ಸ್ವಲ್ಪ ಜಾಸ್ತಿ ಮಾಡಿ ಅನ್ನುತ್ತಾರೆ. ಮಳೆಯಲ್ಲಿ ಟ್ರೇನ್ ನಿಂತು, ಸುಸ್ತಾಗಿ ಮನೆ ಸೇರಿದ ರಾತ್ರಿ 'ಇದೆಲ್ಲ ಬೇಡ' ಅನಿಸಿತ್ತು. ಈ ಮಾತು ಹಿಡಿದುಕೊಂಡೇ ನಿಂತೆ.

ದಿನದ ಪೂಜೆಯನ್ನೂ ಸೇರಿಸಬೇಕಾ ಅನ್ನುವುದು ತೀರ್ಮಾನವಾಗಿಲ್ಲ. ಆಗಮನ ಕಾಲ (ಕ್ರಿಸ್ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳು) ಶುರುವಾಗುವ ಮೊದಲು ಫಾದರ್ ಜೊತೆ ಮತ್ತೆ ಕೂರುತ್ತೇನೆ.